ನಮ್ಮಕ್ಕನೂ ಬಿಳಿ ಹೊಂಗೆ ಸಸಿಗಳೂ

ನಮ್ಮಕ್ಕ ಹೆಣ್ಣು ನೋಡಲು ಹೋದರೆ ಮರ ನೋಡಿಕೊಂಡು ಬರುತ್ತಾಳೆ. ತಮಾಷೆಗೆ ಹೇಳುತ್ತಿಲ್ಲ! ಚಿಕ್ಕಜಾಜೂರಿನಲ್ಲಿ ನನಗೆಂದು ಹೆಣ್ಣು ನೋಡಲು ಹೋದ ದಿನ ನಾನು ಹೊಸ ಅಂಗಿ ತೊಟ್ಟು, ಉಪ್ಪಿಟ್ಟಿನ ತಟ್ಟೆ ಹಿಡಿದು ನಾಚಿಕೊಂಡು ಕೂತಿದ್ದೇನೆ. ಹುಡುಗಿಯನ್ನು ಮಾತಾಡಿಸಬೇಕಾದ ಅಕ್ಕನೇ ಮಾಯ! ಹೋಗಿ ನೋಡಿದರೆ ಹಿತ್ತಿಲಲ್ಲಿ ಬೇವಿನ ಮರವನ್ನು ತಬ್ಬಿಕೊಂಡು ನಿಂತಿದ್ದಾಳೆ. "ಎಷ್ಟು ನೆಟ್ಟಗೈತೆ! ರೋಗ ಗೀಗ ಬಂದಿತ್ತೇನ್ರಿ? ಸುತ್ತಮುತ್ತ ಇನ್ನೂ ಬೇವು ಅವೆಯಾ?" ಎಂದು ಹುಡುಗಿಯ ಅಪ್ಪನನ್ನು ವಿಚಾರಿಸುತ್ತಿದ್ದಾಳೆ. ಆ ಪುಣ್ಯಾತ್ಮ ನನ್ನ ಕಡೆ ತಿರುಗಿ, "ನಿಮ್ಮಕ್ಕಗೆ ನಮ್ಮ ಬೇವು ಒಪ್ಗೆ ಆಗೈತೆ. ಹುಡುಗಿ ವಿಷಯ ಆಮೇಲೆ ಹೇಳಿ ಕಳಿಸ್ತೀವಿ" ಅಂದ. ಹುಡುಗಿ ಬರಲಿಲ್ಲ. ಬೇವಿನ ಬೀಜ ಬಂತು!

ಅಕ್ಕ ಕಾಡು ಬೆಳೆಸುವ ಓದು ಓದಿದವಳು. ಹೊಸದುರ್ಗದ ಹತ್ತಿರ, ಬೋಳು ಗುಡ್ಡಗಳಿಗೆಂದು ಸಸಿ ಬೆಳೆಸುವ ನರ್ಸರಿಯೊಂದನ್ನು ನೋಡಿಕೊಳ್ಳುತ್ತಾಳೆ. ನಾನು ಏಳನೇ ತರಗತಿಗೇ ಕೈಮುಗಿದು ಬಂದವನು. ನನ್ನದೊಂದು ಲಗೇಜ್ ಆಟೋ. ಅದಕ್ಕೆ ಜಿಲ್ಲೆಯ ಸರಕೆಲ್ಲ ಒಂದು ಕಡೆ, ಅಕ್ಕನ ಬೀಜದ ಚೀಲ ಒಂದು ಕಡೆ.

ಅವಳ ಕಟ್ಟಳೆಗಳನ್ನು ಕೇಳಿದರೆ ನಿಮಗೂ ಸಿಟ್ಟು ಬರುತ್ತದೆ. ಹಿರಿಯೂರಿನ ಕಾಲುವೆ ಪಕ್ಕದಲ್ಲಿ ಹೊಂಗೆ ಕಾಯಿ ಗೊಂಚಲು ಗೊಂಚಲಾಗಿ ತೂಗುತ್ತಿತ್ತೆಂದು ಆಟೋ ನಿಲ್ಲಿಸಿದೆ. ಬೈಗುಳ ಬಿತ್ತು. "ಲೇ, ಇದು ಕಾಲುವೆ ನೀರು ಕುಡ್ಕಂಡು ಬೆಳೆದಿದ್ದು. ಇದರ ಮಕ್ಕಳನ್ನ ಗುಡ್ಡದ ಮೇಲೆ ಇಟ್ರೆ ನೀನು ದಿನಾ ನೀರು ಹೊರ್ತೀಯಾ?" ಒಣ ಗುಡ್ಡಕ್ಕೆ ಒಣ ನೆಲದ ಮರದ ಬೀಜವೇ ಆಗಬೇಕಂತೆ. ಅದೂ ಒಂದು ಮರದ್ದಲ್ಲ, ಹತ್ತಾರು ಮರಗಳದ್ದು. ಮರ ಮರಕ್ಕೂ ಕೂಗಳತೆ ದೂರ ಇರಬೇಕಂತೆ. ಹತ್ತಿರದವು ಒಂದೇ ಮನೆಯವಾಗಿರಬಹುದಂತೆ! ಸರಿ, ದೂರದಲ್ಲಿ ಒಂಟಿಯಾಗಿ ನಿಂತ ಮರ ತೋರಿಸಿದರೆ ಅದೂ ಬೇಡ. ಮರಗಳೇನು ಇವಳನ್ನು ಕೇಳಿ ಹುಟ್ಟುತ್ತವೆಯೇ?

ಇಷ್ಟು ತಿರುಗಿ ತಂದ ಬೀಜದಿಂದ ಬರುವುದಾದರೂ ಏನು? ಒಂದು ಉದ್ದ, ಒಂದು ಗಿಡ್ಡ, ಒಂದರ ಎಲೆ ಅಗಲ, ಇನ್ನೊಂದು ಹುಟ್ಟಾ ಸೊಟ್ಟ! ನೋಡಿ ನನಗೆ ನಾಚಿಕೆ, ಅವಳಿಗೆ ಹಬ್ಬ. "ಎಲ್ಲಾ ಒಂದೇ ತರ ಇದ್ರೆ ಒಂದೇ ಬರಕ್ಕೆ ಎಲ್ಲಾ ಹೋಗ್ತಾವೆ. ಈ ಗಿಡ್ಡ ಮೊದ್ಲು ಬೇರು ಇಳಿಸ್ತಾ ಐತೆ, ಸುಮ್ನಿರು" ಅನ್ನುತ್ತಾಳೆ. ಚಿಕ್ಕಂದಿನಲ್ಲಿ ನನ್ನನ್ನು ಗಿಡ್ಡ ಎಂದು ಓಣಿ ತುಂಬ ಆಡಿಕೊಂಡವಳು ಇವಳೇ!

ಈ ವರ್ಷ ಹೊಂಗೆ ಕಾಯಿಯ ಕಾಲ ಮುಗಿಯುತ್ತ ಬಂದಾಗ ಅಕ್ಕನ ಕಾಲು ಉಳುಕಿತು. ಧರ್ಮಪುರದ ಕಡೆ ಸುಣ್ಣದ ಪಟ್ಟೆ ಬಳಿದು ಗುರುತು ಮಾಡಿಟ್ಟ ಮರಗಳಿಂದ ಕಾಯಿ ತರಲು ನನ್ನನ್ನೇ ಕಳಿಸಿದಳು. ಒಂದೊಂದು ಮರಕ್ಕೆ ಒಂದೊಂದು ಚೀಲ. ಆ ಸಸಿಗಳು ಯಾವ ಗುಡ್ಡಕ್ಕೆಂದು ನನಗೆ ಗೊತ್ತಿತ್ತು. ಅಲ್ಲಿ ಕುರಿ ಮೇಯಿಸುವ ಒಬ್ಬ ಅಜ್ಜನ ಮನೆಗೆ ನೂರು ಸಲ ಹೋಗಿ, ಮುಂದೆ ನಿಮ್ಮ ಕುರಿಗಳಿಗೇ ಮಧ್ಯಾಹ್ನದ ನೆರಳಾಗುತ್ತದೆ ಎಂದು ಹೇಳಿ, ಈ ಮಳೆಗಾಲ ಅಲ್ಲಿಗೆ ಮಂದೆ ಬಿಡದಂತೆ ಅಕ್ಕ ಒಪ್ಪಿಸಿದ್ದಳು.

ಎಲ್ಲ ಗೊತ್ತಿದ್ದೂ ಮಾಡಿದೆ. ಅದೇನು ಬಿಸಿಲು ಅಂತೀರಿ! ಶೇಂಗಾ ಹೊಲಗಳ ನಡುವೆ ಒಂದೇ ಒಂದು ಹೊಂಗೆ, ಬುಡದ ತುಂಬ ಕಾಯಿ. ಸುಣ್ಣದ ಪಟ್ಟೆ ಇರಲಿಲ್ಲ. ಇದ್ದರೇನು, ಇಲ್ಲದಿದ್ದರೇನು? ಹೊಂಗೆ ಹೊಂಗೆಯಲ್ಲವೇ? ಅಷ್ಟನ್ನೂ ಬಳಿದು, ಎಲ್ಲ ಚೀಲಗಳಿಗೂ ಸಮನಾಗಿ ಹಂಚಿ, ಅದರ ನೆರಳಲ್ಲೇ ಗಡದ್ದಾಗಿ ನಿದ್ದೆ ಹೊಡೆದು ಬಂದೆ.

"ಎಲ್ಲಾ ಮರದ್ದೂ ತಂದ್ಯಾ?"

"ಹೂಂ."

ಮೊಳಕೆ ಬಂದಾಗ ನೋಡುತ್ತೇನೆ, ಹಸಿರಿನ ನಡುವೆ ಅಲ್ಲೊಂದು ಇಲ್ಲೊಂದು ಹಾಲಿನಷ್ಟು ಬಿಳಿ ಸಸಿ! ಫೋಟೋ ಹೊಡೆದು ಹತ್ತು ಜನಕ್ಕೆ ಕಳಿಸಿ ಅಕ್ಕನನ್ನು ಕೂಗಿದೆ. ಅವಳು ಕುಂಟುತ್ತ ಬಂದು ಒಂದು ಪಾತಿ ನೋಡಿದಳು, ಪಕ್ಕದ್ದು ನೋಡಿದಳು, ಕೊನೆಯವರೆಗೂ ಹೋಗಿ ಬಂದಳು.

"ಎಷ್ಟು ಮರದ್ದು ತಂದ್ಯೋ?"

"ಎಲೆ ಬೆಳ್ಳಗಾದ್ರೆ ನನ್ನ ತಪ್ಪೇನೇ?"

"ಒಂದು ಚೀಲದ ಪಾತೀಲಿ ಮಾತ್ರ ಬಂದಿದ್ರೆ ಆ ಒಂದು ಮರದ್ದು ಅಂತಿದ್ದೆ. ಎಲ್ಲಾ ಪಾತೀಲೂ ಅವೆ. ಎಲ್ಲಾ ಒಂದೇ ಮರದ್ದು. ಅದೂ ಒಂಟಿ ಮರದ್ದು ಕಣೋ. ಬೇರೆ ಹೊಂಗೆ ಹತ್ರ ಇಲ್ದೆ ತನ್ನ ಹೂವಿಗೆ ತಾನೇ ಕಾಯಿ ಕಟ್ಟೈತೆ, ಅದಕ್ಕೇ ಹಿಂಗೆ ಬಿಳೇವು ಹುಟ್ಟಿರೋದು. ಈ ಬಿಳೇವು ಉಳಿಯಲ್ಲ. ಹಸಿರಿರೋವೂ ಗಟ್ಟಿ ಅಂತ ನಾನು ಹೇಳಲಾರೆ."

ನನ್ನ ಕಳ್ಳತನಕ್ಕೆ ಸಸಿಗಳೇ ಸಾಕ್ಷಿ ಹೇಳುವುದೆಂದರೆ! ಸಮನಾಗಿ ಹಂಚಿದ ಜಾಣತನವೇ ನನ್ನನ್ನು ಹಿಡಿದುಕೊಟ್ಟಿತ್ತು. ಹೋಗಿ ಬೇರೆ ಬೀಜ ತರೋಣವೆಂದರೆ ಮರಗಳಲ್ಲಿ ಕಾಯಿ ಉಳಿದಿರಲಿಲ್ಲ.

ಅಷ್ಟರಲ್ಲಿ ಬೇಲಿ ಆಚೆಯಿಂದ ಕುರಿ ಕಾಯುವ ಅಜ್ಜನೇ ಬರಬೇಕೇ? "ಏನವ್ವ, ನಮ್ಮ ಸಸಿ ಎದ್ದಾವಾ?"

ನಾನು ಅಕ್ಕನ ಕಿವಿಯಲ್ಲಿ, "ಹಸಿರಿರೋವನ್ನ ಕೊಟ್ಟು ಕಳ್ಸು, ಯಾರಿಗೆ ಗೊತ್ತಾಗ್ತೈತೆ?" ಎಂದೆ.

ಅಕ್ಕ ನನ್ನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಅಜ್ಜನ ಕಡೆ ತಿರುಗಿ, "ಈ ಮಳೆಗೆ ಆಗಲ್ಲ ಅಜ್ಜ. ಬೀಜ ತಪ್ಪೈತೆ. ನಾನೇ ಸರಿಯಾಗಿ ನೋಡ್ಲಿಲ್ಲ" ಅಂದಳು.

"ನಿನ್ನ ಮಾತು ನಂಬಿ ಗುಡ್ಡಕ್ಕೆ ಯಾರ ಕುರೀನೂ ಬಿಡದಂಗೆ ತಡೆದು ಊರೋರ ಕೈಲೆಲ್ಲ ಬೈಸ್ಕಂಡೆನಲ್ಲ ತಾಯಿ! ನಾಳೆಯಿಂದ ಗುಡ್ಡಕ್ಕೆ ಕುರಿ ಬಿಡ್ತೀನಿ. ಮುಂದಿನ ವರ್ಷ ನನ್ನ ಹಟ್ಟಿಗೆ ಬರಬ್ಯಾಡ." ಅಜ್ಜ ಕಂಬಳಿ ಕೊಡವಿಕೊಂಡು ಹೊರಟುಬಿಟ್ಟ.

ನನಗೆ ತಡೆಯಲಾರದ ಸಿಟ್ಟು ಬಂತು, ಅದೂ ಅವಳ ಮೇಲೆ! "ನಿನ್ನ ಮೇಲ್ಯಾಕೆ ಹಾಕ್ಕಂಡೆ? ದೊಡ್ಡ ಮನುಷ್ಯಳಾಗೋಕಾ?"

ಅಕ್ಕ ಝಾರಿ ಎತ್ತಿಕೊಂಡು ಪಾತಿಗೆ ನೀರು ಹಾಕುತ್ತಿದ್ದಳು. ಬಿಳಿ ಸಸಿಗಳನ್ನೂ ಬಿಡಲಿಲ್ಲ.

"ನೀನೇ ಹೇಳ್ತೀಯ ಅಂತ ಕಾದೆ ಕಣೋ," ಅಂದಳು. "ಅಜ್ಜಗೆ ವಯಸ್ಸಾಗೈತೆ. ಬಿಸಿಲಲ್ಲಿ ಎಷ್ಟೊತ್ತು ನಿಲ್ಲಿಸ್ಲಿ?"

ನಾನು ತಿರುಗಿ ನೋಡಿದೆ. ಅಜ್ಜ ಇನ್ನೂ ಕೆರೆ ಏರಿ ದಾಟಿರಲಿಲ್ಲ. ಕಾಲಿಗೆ ಚಪ್ಪಲಿಯೂ ಇಲ್ಲದೆ ಓಡಿದೆ.

"ಅಜ್ಜಾ, ನಿಂತ್ಕಳ್ರಿ! ನಮ್ಮಕ್ಕ ಹೇಳಿದ್ದು ಸುಳ್ಳು!"