ಪೆಡಲಿನ ವಿಮೋಚನೆ

ಕಂಪ್ಯೂಟರಿನ ಹೊಟ್ಟೆಯೊಳಗಿನ ಜಗಳ ಬಿಡಿಸುವುದರಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಬೇಕು! ಕರ್ನಲ್ ಎಂಬ ಒಳಯಜಮಾನನಿಗೂ ಹೊರಗಿನಿಂದ ಚುಚ್ಚುವ ಸಾಧನಗಳಿಗೂ ನಡುವೆ ಮಾತುಕತೆ ನಡೆಸುವ ಡ್ರೈವರುಗಳನ್ನು ಬರೆಯುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಹೆಂಡತಿ "ರೀ, ಹೊಸ ಪೆಡಲ್ ಹುಚ್ಚಾಟ ಆಡ್ತಿದೆ" ಎಂದಾಗ ಅಂಗಿಯ ತೋಳೇರಿಸಿದೆ.

"ಕಾಫಿಗೆ ನೀರಿಡು. ಕುದಿಯೋದ್ರೊಳಗೆ ಮುಗಿಸ್ತೀನಿ!"

ವೈದ್ಯರು ಮಾತಾಡಿ ಕಳಿಸುವ ಧ್ವನಿಮುದ್ರಣ ಕೇಳಿ ಟೈಪ್ ಮಾಡುವುದು ಅವಳ ಕೆಲಸ. ಕಾಲಲ್ಲಿ ಪೆಡಲ್ ಒತ್ತಿದರೆ ದನಿ ಓಡಬೇಕು, ಬಿಟ್ಟರೆ ನಿಲ್ಲಬೇಕು. ಅಂದು ಹೊಸ ಡಾಕ್ಟರೊಬ್ಬರ ಮೊದಲ ಕೆಲಸ. ಸಂಜೆಯೊಳಗೆ ಕಳಿಸದಿದ್ದರೆ ಗಿರಾಕಿ ಕೈತಪ್ಪಿದಂತೆಯೇ. ಆದರೆ ಪೆಡಲ್ ಒತ್ತಿದರೆ ಪರದೆಯ ಮೇಲೆ 'ಬ'ಗಳ ಮೆರವಣಿಗೆ ಹೊರಡುತ್ತಿತ್ತು!

"ರೋಗಿಗೆ ಬಬಬಬ ಬೆನ್ನುನೋವು ಅಂತ ಬಂದಿದೆ ನೋಡಿ. ರೋಗಿ ತೊದಲ್ತಾನೆ ಅಂದ್ಕೊಳ್ತಾರೆ!"

ಕಳ್ಳ ಬೇಗನೆ ಸಿಕ್ಕಿಬಿದ್ದ. ಕೀಬೋರ್ಡು, ಮೌಸು ನೋಡಿಕೊಳ್ಳುವ ಸಾಮಾನ್ಯ ಡ್ರೈವರೊಂದು, ಪೆಡಲ್ ಚುಚ್ಚಿದ ತಕ್ಷಣ ಇದೂ ನಮ್ಮ ಪೈಕಿಯೇ ಎಂದು ಅಪ್ಪಿಕೊಂಡುಬಿಟ್ಟಿತ್ತು. ಪೆಡಲಿಗೆಂದೇ ಇರುವ ಅಸಲಿ ಡ್ರೈವರು ಪಾಪ, ಹೊರಗೆ ಕೈಕಟ್ಟಿ ನಿಂತಿತ್ತು. ನನಗೆ ಮೈಯೆಲ್ಲ ಉರಿಯಿತು. ಏನು ದಬ್ಬಾಳಿಕೆ! ನನ್ನ ಮನೆಯಲ್ಲಿ! ನನ್ನ ಕಣ್ಣೆದುರಿಗೆ!

"ಪೆಡಲ್ ಒಂದನ್ನೇ ಬಿಡಿಸೋಕಾಗಲ್ವಾ?" ಎಂದಳು.

"ಇಂಥವರನ್ನ ಬೇರುಸಮೇತ ಕೀಳ್ಬೇಕು ಕಣೇ!"

ಮೆಷಿನ್ ಮತ್ತೆ ಶುರುವಾದರೂ ಆ ಡ್ರೈವರ್ ತಲೆಯೆತ್ತದಂತೆ ಮೊದಲು ಗಡೀಪಾರಿನ ಆಜ್ಞೆ ಬರೆದಿಟ್ಟೆ. ಆಮೇಲೆ ಅದನ್ನು ಕಿತ್ತೊಗೆಯಲು ಎಂಟರ್ ಒತ್ತಿ, ಪೆಡಲನ್ನು ಒಮ್ಮೆ ತೆಗೆದು ಚುಚ್ಚಿದೆ. ಅವಳು ಕಾಲಿಟ್ಟಳು, ಡಾಕ್ಟರ ದನಿ ಮೊಳಗಿತು! ಕಾಲು ತೆಗೆದಳು, ನಿಂತಿತು. ನಾನು ಕಾಲರ್ ಸರಿಮಾಡಿಕೊಂಡೆ.

"ರೀ, ಕೀಬೋರ್ಡ್ ಓಡ್ತಿಲ್ಲ."

"ಗಟ್ಟಿಯಾಗಿ ಒತ್ತು."

"ಮೌಸೂ ಸತ್ತಿದೆ."

ಆಗ ಹೊಳೆಯಿತು. ಅವೆರಡೂ ಗಡೀಪಾರಾದವನ ಆಶ್ರಿತರೇ! ಅವನನ್ನು ವಾಪಸು ಕರೆಯಲು ಆಜ್ಞೆ ಬೇಕು. ಆಜ್ಞೆ ಟೈಪ್ ಮಾಡಲು ಕೀಬೋರ್ಡು ಬೇಕು.

"ಆಫ್ ಮಾಡಿ ಆನ್ ಮಾಡಿ."

"ಆನ್ ಆದ್ರೆ ಪಾಸ್‌ವರ್ಡ್ ಕೇಳುತ್ತೆ. ಹೊಡೆಯೋದು ಯಾವುದರಲ್ಲಿ? ಈಗ ಓಡ್ತಿರೋ ದನಿಯೂ ಹೋಗುತ್ತೆ!"

"ನೆಗಡಿ ಬಂತು ಅಂತ ಮೂಗೇ ಕೊಯ್ದ್ರಲ್ಲಾ!"

"ತಪ್ಪು ನನ್ನದಲ್ಲ! ಪೆಡಲ್ ಮಾಡಿದವರು ಅದಕ್ಕೆ ಕೀಬೋರ್ಡಿನ ವೇಷ ಯಾಕೆ ಹಾಕಿದ್ರು, ಅದನ್ನ ಕೇಳು!"

ಅವಳು ಕೇಳಲಿಲ್ಲ. ನನ್ನ ಆಫೀಸಿನ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ತೆರೆದಳು. ಅದರ ಮೂಲಕ ಕಂಪ್ಯೂಟರಿನೊಳಗೆ ನುಗ್ಗೋಣವೆಂದರೆ, ಭದ್ರತೆ ಭದ್ರತೆ ಎಂದು ಆ ಕಿಂಡಿಯನ್ನು ಮುಚ್ಚಿಸಿದ್ದವನೂ ನಾನೇ! ಹೊರಗಿನ ಫೈಲು, ಪೆಡಲು ಯಾವುದನ್ನೂ ಆಫೀಸಿನ ಲ್ಯಾಪ್‌ಟಾಪು ಒಳಬಿಡದು; ಕಂಪ್ಯೂಟರ್ ಮೇಜಿನಲ್ಲಿ ಅದಕ್ಕೆ ಜಾಗವೂ ಇಲ್ಲ. ಅವಳು ಊಟದ ಮೇಜಿನಲ್ಲೇ ಕೂತು ಟೈಪ್ ಮಾಡಬೇಕು. ಪೆಡಲಿನ ವೈರು ಅಲ್ಲಿಯವರೆಗೆ ಬಾರದು. ಅವಳು ಕಂಪ್ಯೂಟರ್ ಮೇಜಿನಡಿಗೆ ಬೆರಳು ತೋರಿಸಿದಳು.

ಸಂಜೆಯವರೆಗೆ ಅಲ್ಲಿ ಬೋರಲು ಮಲಗಿ ಅಂಗೈಯಲ್ಲಿ ಪೆಡಲ್ ಒತ್ತಿದೆ. "ಒತ್ತಿ!" ಒತ್ತಿದೆ. "ಬಿಡಿ!" ಬಿಟ್ಟೆ.

"ಅಲ್ಲಾ ಕಣೇ, ನನ್ನಂಥ ಕರ್ನಲ್ ಎಂಜಿನಿಯರ್..."

"ಬಿಡಿ ಅಂದೆ!"

ಕೆಲಸ ಹೊತ್ತಿಗೆ ಸರಿಯಾಗಿ ತಲುಪಿತು. ಡಾಕ್ಟರೇ ಫೋನ್ ಮಾಡಿದರು. ಇಷ್ಟು ಅಚ್ಚುಕಟ್ಟಾಗಿ ಒಬ್ಬರೇ ಮಾಡಿದಿರಾ ಎಂದು ಕೇಳಿದ್ದು ನನಗೂ ಕೇಳಿಸಿತು. ಮೇಜಿನಡಿಯಿಂದ ಕಿವಿ ನಿಮಿರಿಸಿದೆ.

"ಇಲ್ಲ ಡಾಕ್ಟ್ರೇ, ಕೈಕೆಳಗೆ ಒಬ್ಬರನ್ನ ಇಟ್ಕೊಂಡಿದೀನಿ," ಎಂದಳು ನನ್ನ ಹೆಂಡತಿ. "ಕಂಪ್ಯೂಟರ್ ಅಷ್ಟಾಗಿ ಬರಲ್ಲ, ಪಾಪ. ಆದ್ರೆ ಹೇಳಿದ ಮಾತು ಕೇಳ್ತಾರೆ!"