ಮಾವನವರ ರಾವಣನಿಗೆ ನಾನು ಮಾಡಿದ ರಿಪೇರಿ

ಹರಿದ ಫಿಲ್ಮು ಜೋಡಿಸುವುದು ಹರಿದ ಧೋತರ ಹೊಲಿದಷ್ಟೇ ಸುಲಭ ಎಂದು ನಾನು ನಂಬಿದ್ದೆ. ಧೋತರವನ್ನೂ ಎಂದೂ ಹೊಲಿದಿರಲಿಲ್ಲ, ಅದು ಬೇರೆ ಮಾತು!

ಆಗ ಸವಣೂರಿನಲ್ಲಿ ನನ್ನದೊಂದು ಡೇರೆ ಸಿನೆಮಾ ಇತ್ತು. ಎಲ್ಲೆಡೆ ಮಾತಿನ ಚಿತ್ರ ಬಂದರೂ ನನ್ನ ಮಷೀನು ಮಾತ್ರ ಮೂಕಿಯೇ. ಹಿರೇಕೆರೂರಿನ ನಮ್ಮ ಮಾವನವರು ಹರೆಯದಲ್ಲಿ ಕೊಲ್ಲಾಪುರಕ್ಕೆ ಹೋಗಿ ಒಂದು ಮೂಕಿ ಚಿತ್ರದಲ್ಲಿ ರಾವಣನಾಗಿದ್ದರು. ಅದನ್ನು ಪರದೆಯ ಮೇಲೆ ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಆ ಚಿತ್ರದ ಸುರುಳಿಯೊಂದು ಹುಬ್ಬಳ್ಳಿಯ ಗುಜರಿಯಲ್ಲಿ ನನಗೆ ಸಿಕ್ಕಿತು. ಮೈತುಂಬ ಬೂಷ್ಟು, ಅಲ್ಲಲ್ಲಿ ತುಂಡು. ಜೀರ್ಣೋದ್ಧಾರದ ಭಾರವನ್ನು ನಾನೇ ಹೊತ್ತು, ಮಾವನವರಿಗೆ ಬರಹೇಳಿಯೂ ಬಿಟ್ಟೆ.

"ಬಲ್ಲವರ ಕೈಯಾಗ ಕೊಡ್ರಿ," ಎಂದಳು ಹೆಂಡತಿ ಗೌರವ್ವ. "ಅಪ್ಪಂದು ಇದೊಂದ ಉಳದೈತಿ."

"ನಾ ಅದೇನಿ, ನೀ ಸುಮ್ನಿರು!"

ಬೂಷ್ಟು ಒರೆಸಿದೆ. ಅದರ ಜೊತೆ ಲಕ್ಷ್ಮಣನೂ ಅರ್ಧ ಒರೆಸಿಹೋದ! ಅಂಟು ಹಚ್ಚಿದೆ. ಮೊದಲು ಅಂಟಿದ್ದು ನನ್ನ ಹೆಬ್ಬೆರಳು. ಅದನ್ನು ಕೀಳುವ ಗಡಿಬಿಡಿಯಲ್ಲಿ ಸೀತಾಪಹರಣದ ತುಂಡು ತೊಡೆಯಿಂದ ಜಾರಿತು. ಎತ್ತಿ, ತಲೆ ಬುಡ ನೋಡದೆ ಜೋಡಿಸಿಬಿಟ್ಟೆ.

ಆಟದ ದಿನ ಮಾವನವರು ರೇಶ್ಮೆ ರುಮಾಲು ಸುತ್ತಿಕೊಂಡು ಮುಂದಿನ ಬೆಂಚಿನಲ್ಲಿ ಕುಳಿತರು. ರಾವಣ ಬಂದ. ತಲೆ ಕೆಳಗೆ, ಕಾಲು ಮೇಲೆ! ಬಾವಲಿಯಂತೆ ಜೋತು, ಹಿಂದಹಿಂದಕ್ಕೆ ನಡೆದು, ಸೀತೆಯನ್ನು ಎತ್ತಿ ತಂದು ಗುಡಿಸಲಿನ ಮುಂದೆ ಇಳಿಸಿದ. ಗೌರವ್ವ ನನ್ನತ್ತ ತಿರುಗಿದಳು. ನಾನು ಮಷೀನಿನ ಹಿಂದೆ ಅಡಗಿದೆ.

ಹಾರ್ಮೋನಿಯಂ ನುಡಿಸುತ್ತ ಕಥೆ ಹೇಳುವುದು ನಮ್ಮ ಪೇಟಿ ಮಾಸ್ತರರ ಕೆಲಸ. ಅವರು ಗಂಟಲು ಸರಿಮಾಡಿಕೊಂಡು ಕೂಗಿದರು: "ನೋಡ್ರಿ ಮಹಾಜನರ, ರಾವಣಗ ಬುದ್ಧಿ ಬಂತು! ತಪ್ಪಾತು ಅಂತ ತಲಿಕೆಳಗಾಗಿ ಸೀತವ್ವನ್ನ ಹೊಳ್ಳಿ ಬಿಡಾಕತ್ತಾನ!"

ಚಪ್ಪಾಳೆಯೋ ಚಪ್ಪಾಳೆ!

ಆಟ ಮುಗಿದ ಮೇಲೆ ಮಾವನವರು ಕಣ್ಣೊರೆಸಿಕೊಳ್ಳುತ್ತ ಬಂದರು.

"ಅಳಿಯಾರ, ರಾವಣನ ಪಾರ್ಟು ಮಾಡಿ ಊರೂರಾಗ ಬೈಸ್ಕೊಂಡೇನಿ. ಚಪ್ಪಾಳಿ ಬಿದ್ದದ್ದು ಇವತ್ತ ನೋಡ್ರಿ!"

ಆದರೂ ತಪ್ಪು ತಪ್ಪೇ ಅಲ್ಲವೇ? ಮರುದಿನ ಗೌರವ್ವನನ್ನು ಎದುರಿಗೆ ಕೂರಿಸಿಕೊಂಡು ಶಾಸ್ತ್ರೋಕ್ತವಾಗಿ ಜೋಡಿಸಿದೆ. ರಾವಣ ನೆಟ್ಟಗೆ ಬಂದು ಸೀತೆಯನ್ನು ನೆಟ್ಟಗೆ ಒಯ್ದ. "ನಿನ್ನಿ ರಾವಣನ್ನ ತೋರಸ್ರಿ!" ಎಂದು ಜನ ಗದ್ದಲ ಮಾಡಿ ಎದ್ದುಹೋದರು. ಮಾವನವರೂ ಮುಖ ಸಣ್ಣ ಮಾಡಿದರು. "ಕೈ ಹಚ್ಚಬಾರದಿತ್ತು, ಅಳಿಯಾರ."

ಬಿಚ್ಚಿ, ಮೊದಲಿನಂತೆ ತಲೆಕೆಳಗು ಮಾಡಲು ಕುಳಿತೆ. ಏನು ಹೇಳಲಿ, ಎಷ್ಟು ಒದ್ದಾಡಿದರೂ ಸರಿಯಾಗಿಯೇ ಕೂಡುತ್ತಿತ್ತು!