ಹೇಸರಗತ್ತೆ ಕಿತ್ತ ಕಂಬ

ಈಬೆನ್ ಹಾಲಿಸ್ಟರ್ ತನ್ನ ಹೇಸರಗತ್ತೆಯನ್ನು ಪತ್ರಿಕಾ ಕಚೇರಿಯ ಜಗಲಿಕಂಬಕ್ಕೆ ಕಟ್ಟಬಾರದಿತ್ತು.

ಓಹಾಯೋದಿಂದ ಕುದುರೆಗಾಡಿಯಲ್ಲಿ ಮೈಮೂಳೆ ಸಡಿಲಿಸಿಕೊಂಡು ನೆವಾಡಕ್ಕೆ ಬಂದಿದ್ದ ಆ ತರುಣನ ತಲೆಯಲ್ಲಿ ಬೆಳ್ಳಿಯ ಹೊರತು ಬೇರೇನೂ ಇರಲಿಲ್ಲ. ಅಂದು ಸಂಜೆ ಡಗಲ್ ಎಂಬ ಗಣಿಗಾರನ ತಂಡ ಹೊಸ ಗುಡ್ಡ ಅಗೆಯಲು ಹೊರಡುವುದಿತ್ತು. ಕಾಡಿ ಬೇಡಿ ಇವನೂ ಸೇರಿಕೊಂಡಿದ್ದ. ಸಲಿಕೆ ಕೊಳ್ಳಲೆಂದು ಪಕ್ಕದ ಅಂಗಡಿ ಹೊಕ್ಕನಷ್ಟೆ, ಕುಡುಕನೊಬ್ಬ ಹಾರಿಸಿದ ಗುಂಡಿಗೆ ಬೆದರಿ ಪ್ರಾಣಿ ಕಂಬದ ಸಮೇತ ಓಟ ಕಿತ್ತಿತು. ಚಾವಣಿ ಕುಸಿಯಿತು. ಅದರಡಿ ಚುಟ್ಟಾ ಸೇದುತ್ತಿದ್ದ ಸಂಪಾದಕ ಪೆಟ್ಟಿಗ್ರೂ ಧೂಳಿನಿಂದ ಎದ್ದಾಗ ಅವನ ಬಲಗೈ ಒಣಹಾಕಿದ ಕಾಲುಚೀಲದಂತೆ ಜೋತಾಡುತ್ತಿತ್ತು.

ಊರಿಗೆ ಊರೇ ನೆರೆಯಿತು. ಕೈ ಕತ್ತರಿಸುವುದೇ ಮೇಲೆಂದು, ಊರಿಗೆ ವೈದ್ಯನೂ ಆಗಿದ್ದ ಕ್ಷೌರಿಕ ಗರಗಸ ತಂದ. ಈಬೆನ್ ಇಳಿದುಕೊಂಡಿದ್ದ ಊಟದ ಮನೆಯ ಟ್ಯಾಬಿತಾ ಸಾಸಿವೆ ಪಟ್ಟು ಹಾಕಿದಳು. ಉಳಿದವರು ಈಬೆನ್‌ನನ್ನು ನೇಣು ಹಾಕುವ ಮರ ಹುಡುಕಿದರು. ಆ ಮರಳುಗಾಡಿನಲ್ಲಿ ಮರವೇ ಇರಲಿಲ್ಲ.

"ಬಿಡ್ರಯ್ಯಾ, ಇವತ್ತಿನ ಪತ್ರಿಕೆ ಯಾರು ಬರೀತಾರೆ?" ಎಂದ ಪೆಟ್ಟಿಗ್ರೂ, ಈಬೆನ್ ಕಡೆ ತಿರುಗಿದ. "ಲೋ, ನಿಂಗೆ ಬರಿಯೋಕೆ ಬರುತ್ತಾ?"

"ನನ್ನ ಹೆಸರು ಬರೀತೀನಿ."

"ಈ ಊರಿಗೆ ಅದೇ ಜಾಸ್ತಿ. ಒಂದು ಪುಟ ತುಂಬಿಸು, ಆಮೇಲೆ ಎಲ್ಲಿಗಾದ್ರೂ ಹಾಳಾಗಿ ಹೋಗು."

ಬೇರೆ ಸುದ್ದಿಯೇ ಇರಲಿಲ್ಲ. ಈಬೆನ್ ಬೆವರುತ್ತ ನಡೆದದ್ದನ್ನೇ ಬರೆದ. ಕ್ಷೌರಿಕ ಗರಗಸದ ತುಕ್ಕನ್ನು ನಾಲಿಗೆಯಿಂದ ಒರೆಸಿದ್ದು, ಟ್ಯಾಬಿತಾಳ ಸಾಸಿವೆ ಪಟ್ಟು ಅವಳ ಸಾರಿಗಿಂತ ಗಟ್ಟಿಯಾಗಿದ್ದದ್ದು, ಗುಂಡಿನ ಸದ್ದಿಗೆ ಡಗಲ್ ಅಂಗಡಿಯ ಹಿಟ್ಟಿನ ಪೀಪಾಯಿಯೊಳಗೆ ಅಡಗಿದ್ದು, ಯಾವುದನ್ನೂ ಬಿಡಲಿಲ್ಲ.

ಪತ್ರಿಕೆ ಬಿಸಿ ರೊಟ್ಟಿಯಂತೆ ಖರ್ಚಾಯಿತು. ಬೀದಿಯಲ್ಲಿ ಗಟ್ಟಿಯಾಗಿ ಓದಿಸಿಕೊಂಡು ಜನ ಬಿದ್ದುಬಿದ್ದು ನಕ್ಕರು; ತಮ್ಮ ಹೆಸರು ಬರುವವರೆಗೆ.

ಸಂಜೆ ಈಬೆನ್ ಸಲಿಕೆ ಹೊತ್ತು ಗಣಿಗಾರರ ಗಾಡಿಯತ್ತ ಓಡಿದ. ಗಾಡಿ ಹತ್ತಿದ್ದ ಡಗಲ್ ಕೈ ಅಡ್ಡ ಹಿಡಿದ. "ನೀನು ಬರೋದು ಬೇಡ, ಮಾರಾಯ."

"ಯಾಕಣ್ಣ? ಚೆನ್ನಾಗಿ ಅಗೀತೀನಿ."

"ಬೆಳ್ಳಿ ಸಿಕ್ಕಿದ್ರೆ ಊರಿಗೆಲ್ಲ ಬರೀತೀಯ. ಸಿಗದಿದ್ರೆ ಇನ್ನೂ ಚೆನ್ನಾಗಿ ಬರೀತೀಯ."

ಗಾಡಿ ಹೋಯಿತು. ಟ್ಯಾಬಿತಾ ಅವನ ಪೆಟ್ಟಿಗೆಯನ್ನು ಆಗಲೇ ಬೀದಿಗೆ ಎಸೆದಿದ್ದಳು. ಅದನ್ನು ಎಳೆದುಕೊಂಡು ಕಚೇರಿಗೆ ಬಂದವನ ಮುಂದೆ ಪೆಟ್ಟಿಗ್ರೂ ಎಡಗೈಯಿಂದ ಬಿಳಿ ಹಾಳೆ ತಳ್ಳಿದ. "ಕೂತ್ಕೋ. ನಾಳೆ ಯಾರ ಮಾನ ಕಳೀತೀಯ?"

ಈಬೆನ್ ಯೋಚಿಸಿದ. ಊರಲ್ಲಿ ಮಾನ ಉಳಿಸಿಕೊಂಡವನು ಇನ್ನು ಒಬ್ಬನೇ, ಎದುರಿಗೇ ಕುಳಿತಿದ್ದ. ಅವನ ಕಡೆ ಒಮ್ಮೆ ನೋಡಿ, ಪೆನ್ಸಿಲ್ ಚೂಪು ಮಾಡತೊಡಗಿದ.